ಮೂಲೆ ಮೇಡಂ ಕಳೆದುಕೊಂಡ ಹನ್ನೊಂದು ವರ್ಷ

ಬೀದಿಯವರೆಲ್ಲ ಆಕೆಯನ್ನು ಕರೆಯುತ್ತಿದ್ದದ್ದು ಮೂಲೆ ಮೇಡಂ ಎಂದು. ಮಧ್ಯಾಹ್ನದ ಟಿವಿ ವಾರ್ತೆಯಲ್ಲಿ, ಪರದೆಯ ಬಲಮೂಲೆಯ ಸಣ್ಣ ಚೌಕದೊಳಗೆ ನಿಂತು, ಕಿವಿ ಕೇಳದವರಿಗೆ ಸುದ್ದಿಯನ್ನು ಕೈಸನ್ನೆಯಲ್ಲಿ ಹೇಳುತ್ತಿದ್ದವಳು ಆಕೆಯೇ. ಹನ್ನೊಂದು ವರ್ಷ ಹಾಗೆ ನಿಂತಳು. ಸನ್ನೆ ಕಲಿತದ್ದು ಯಾವ ಶಾಲೆಯಲ್ಲೂ ಅಲ್ಲ, ಹುಟ್ಟಿನಿಂದಲೇ ಕಿವಿ ಕೇಳದ ತಂಗಿಯೊಡನೆ ಜಗಳವಾಡುತ್ತ.

ಮನೆಯ ಟಿವಿಗೆ ಕೇಬಲ್ ಕಂಪನಿಯವರು ಜೋಡಿಸಿದ್ದ ರೆಕಾರ್ಡರ್ ಪೆಟ್ಟಿಗೆ ದಿನವೂ ಆ ವಾರ್ತೆಯನ್ನು ತಾನಾಗಿ ಹಿಡಿದಿಡುತ್ತಿತ್ತು. ಸಂಜೆ ಆಕೆ ಕೂತು ತನ್ನ ತಪ್ಪು ಹುಡುಕುವಳು. ಜಾಗ ತುಂಬಿದಾಗ ಸಾಧಾರಣವಾದವನ್ನು ಅಳಿಸಿ, ಮನಸ್ಸಿಗೆ ಬಂದವನ್ನು ಉಳಿಸಿಕೊಳ್ಳುವಳು. ಪ್ರವಾಹದ ದಿನ ಸತ್ತವರ ಸಂಖ್ಯೆ ತಪ್ಪಿ ಮತ್ತೊಮ್ಮೆ ತೋರಿಸಿದ್ದು, ಮಂತ್ರಿಯ ಹೆಸರಿಗೆ ಸನ್ನೆ ಹೊಳೆಯದೆ ಅವನ ಮೀಸೆಯನ್ನೇ ತಿರುವಿ ತೋರಿಸಿದ್ದು, ಎಲ್ಲ ಅದರಲ್ಲಿತ್ತು. ಬಸ್ ಡಿಪೋದಲ್ಲಿ ಮೇಲ್ವಿಚಾರಕನಾಗಿದ್ದ ಗಂಡ ಒಂದು ದಿನವೂ ಜೊತೆಗೆ ಕೂತು ನೋಡಿದವನಲ್ಲ.

ಒಂದು ದಿನ ಚಾನೆಲ್ಲಿನವರು ಎರಡು ಸಾಲಿನ ಪತ್ರ ಕೊಟ್ಟು ಆ ವಾರ್ತೆಯನ್ನೇ ನಿಲ್ಲಿಸಿದರು. ಹಳೆಯ ಕಂತುಗಳನ್ನು ಅವರೂ ಇಟ್ಟುಕೊಂಡಿರಲಿಲ್ಲ. ಕೆಲವು ತಿಂಗಳ ಮೇಲೆ ಕಿವುಡ ಮಕ್ಕಳ ಶಾಲೆಯೊಂದು ಸನ್ನೆ ಕಲಿಸುವ ಶಿಕ್ಷಕಿ ಬೇಕೆಂದು ಪ್ರಕಟಿಸಿತು. ಹಿಂದಿನ ಕೆಲಸದ ವೀಡಿಯೊ ಕಳಿಸಬೇಕಿತ್ತು. ಭಾನುವಾರ ಕೂತು ಆರಿಸಿ, ಫೋನಿನಲ್ಲಿ ಹಿಡಿದು ಕಳಿಸೋಣವೆಂದುಕೊಂಡು ಆಕೆ ಎರಡು ದಿನ ತಂಗಿಯ ಮನೆಗೆ ಹೋದಳು.

ವಾಪಸು ಬಂದಾಗ ಗೋಡೆಯ ಮೇಲೆ ಹೊಸ ವೈರು.

“ಇಂಟರ್‌ನೆಟ್ಟು, ಟಿವಿ ಎರಡೂ ಒಂದೇ ಕಂಪನಿಗೆ ಹಾಕಿಸ್ದೆ,” ಎಂದ ಗಂಡ. “ಹಳೇ ಕನೆಕ್ಷನ್ ಕ್ಯಾನ್ಸಲ್ ಮಾಡಿಸ್ದೆ. ಹಳೇ ಪೆಟ್ಟಿಗೆ ಇಟ್ಕೊಳ್ಳಿ ಅಂದ್ರು. ಅಲ್ಲೇ ಇದೆ ನೋಡು.”

ಪೆಟ್ಟಿಗೆ ಅಲ್ಲೇ ಇತ್ತು. ದೀಪವೂ ಹತ್ತಿತು. ತಾರೀಖಿನ ಪ್ರಕಾರ ಪಟ್ಟಿ ಬಂತು. ಯಾವುದನ್ನು ಒತ್ತಿದರೂ ಕಪ್ಪು ಪರದೆ, ಅದರ ಮೇಲೆ ಎರಡೇ ಪದ: ಚಂದಾ ಇಲ್ಲ.

ಮರುದಿನ ಕನೆಕ್ಷನ್ ಕೊಟ್ಟವನನ್ನೇ ಕರೆಸಿದಳು.

“ಪೆಟ್ಟಿಗೆ ನಿಮ್ದೇ ಮೇಡಂ. ಆದ್ರೆ ಒಳಗಿರೋದಕ್ಕೆ ಬೀಗ ಇದೆ, ಅದರ ಕೀ ಇದ್ದಿದ್ದು ಪೆಟ್ಟಿಗೆಗೆ ಹಾಕಿದ್ದ ಹಳೇ ಕಂಪನಿ ಕಾರ್ಡಲ್ಲಿ. ಕ್ಯಾನ್ಸಲ್ ಮಾಡಿದ ತಕ್ಷಣ ಅದು ಸತ್ತುಹೋಯ್ತು.”

“ಮತ್ತೆ ಅವರ ಹತ್ರಾನೇ ಕನೆಕ್ಷನ್ ತಗೊಂಡ್ರೆ?”

“ಹೊಸ ಕಾರ್ಡ್ ಕೊಡ್ತಾರೆ. ಅದಕ್ಕೆ ಹಳೇದು ಯಾವುದೂ ತೆರೆಯಲ್ಲ.”

“ಇದನ್ನ ಮೊದಲೇ ಹೇಳ್ಬಾರ್ದಿತ್ತಾ?”

ಅವನು ಗಂಡನ ಕಡೆ ನೋಡಿದ. “ಸಾರ್‌ನ ಕೇಳ್ದೆ ಮೇಡಂ, ಒಳಗೆ ಬೇಕಾಗಿರೋದು ಏನಾದ್ರೂ ಇದ್ಯಾ ಅಂತ. ಏನೂ ಇಲ್ಲ ಅಂದ್ರು.”

ಗಂಡ ಪೇಪರಿನ ಹಾಳೆ ತಿರುವಿದ. “ಹಳೇ ವಾರ್ತೆ ಯಾರಿಗೆ ಬೇಕು ಅನ್ಕೊಂಡೆ.”

ಆಕೆ ಬರಿಗೈಯಲ್ಲೇ ಶಾಲೆಗೆ ಹೋದಳು. ಮುಖ್ಯೋಪಾಧ್ಯಾಯಿನಿ ಅರ್ಧ ಗಂಟೆ ಸನ್ನೆ ಮಾಡಿಸಿ ನೋಡಿ, “ಕೈ ತುಂಬಾ ಚೆನ್ನಾಗಿ ಮಾತಾಡುತ್ತೆ ನಿಮ್ದು. ಆದ್ರೆ ವೀಡಿಯೊ ಇಲ್ದೆ ಸಮಿತಿಯವರು ಒಪ್ಪಲ್ಲ, ನನ್ನ ಕೈಲೇನೂ ಇಲ್ಲಮ್ಮ,” ಎಂದರು. ಆ ಕೆಲಸ ಬೇರೆಯವರ ಪಾಲಾಯಿತು.

ವಿಷಯ ತಿಳಿದ ತಂಗಿ ವೀಡಿಯೊ ಕರೆಯಲ್ಲಿ ಭಾವನ ಬಗ್ಗೆ ಒಂದು ಸನ್ನೆ ಮಾಡಿದಳು. ಅದು ವಾರ್ತೆಯಲ್ಲಿ ಹೇಳುವಂಥದ್ದಾಗಿರಲಿಲ್ಲ.

ಈಗ ಆಕೆ ಆಸ್ಪತ್ರೆಯೊಂದರಲ್ಲಿ ಚೀಟಿ ಕೊಡುವ ಕಿಟಕಿಯ ಹಿಂದೆ ಕೂರುತ್ತಾಳೆ. ಮನೆಯಲ್ಲಿ ಮಾತು ಎಷ್ಟು ಬೇಕೋ ಅಷ್ಟೇ. ಗಂಡ ಎರಡು ಸಲ ತಪ್ಪಾಯಿತು ಎಂದದ್ದುಂಟು. ಆಕೆ ಕೇಳಿಸಿಕೊಂಡಳು, ಅಷ್ಟೇ.