ಮಾದಯ್ಯನ ಕಿವಿಗೆ ಬೀಳುತ್ತಿದ್ದ ದನಿ

ಬ್ಲಫ್ ಎಂಬ ಊರಿನ ಪವರ್‌ಹೌಸಿನಲ್ಲಿ ಸರ್ವೀಸೆಲ್ಲ ಯಂತ್ರಗಳ ಪಕ್ಕವೇ ನಿಂತು ಮಾದಯ್ಯನ ಕಿವಿ ಮಂದವಾಗಿತ್ತು. ರಿಟೈರಾಗಿ ಹಲಗೂರಿನ ಹತ್ತಿರದ ಊರಿಗೆ ಬಂದ ಮೇಲೆ ಅವನಿಗೆ ಸರಿಯಾಗಿ ಕೇಳುತ್ತಿದ್ದದ್ದು ಹೆಂಡತಿ ಬೆಟ್ಟಮ್ಮನ ಮಾತೊಂದೇ. ಅವಳದು ಗದ್ದೆಯ ಆಚೆ ಬದುವಿಗೂ ಮುಟ್ಟುವ ಗಂಟಲು. ನೆಂಟರು ಹೇಳಿದ್ದಿರಲಿ, ಬ್ಯಾಂಕಿನವರು ಹೇಳಿದ್ದಿರಲಿ, ಅವಳು ಮತ್ತೊಮ್ಮೆ ಕೂಗಿ ಹೇಳಿದರೇ ಅವನ ತಲೆಗೆ ಹೋಗುತ್ತಿತ್ತು.

ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವುದು ಬೆಟ್ಟಮ್ಮನಿಗೆ ಮದುವೆಗೂ ಮುಂಚಿನ ಚಟ. ಮೇಲುದವಡೆಯಲ್ಲಿ ಗಡ್ಡೆ ಎದ್ದಾಗ ಹಲ್ಲುನೋವೆಂದು ಲವಂಗ ಕಚ್ಚಿಕೊಂಡೇ ತಿಂಗಳುಗಳನ್ನು ಕಳೆದಳು. ಕೊನೆಗೆ ಮೈಸೂರಿನಲ್ಲಿ ಆಪರೇಷನ್ನಾಯಿತು. ಗಡ್ಡೆಯ ಜೊತೆ ಒಂದು ಪಕ್ಕದ ದವಡೆ, ಹಲ್ಲು, ಅಂಗುಳು ಎಲ್ಲ ಹೋಗಿ, ಬಾಯಿಗೂ ಮೂಗಿಗೂ ನಡುವೆ ತೂತು ಉಳಿಯಿತು. ಕುಡಿದ ಗಂಜಿ ಮೂಗಿನಲ್ಲಿ ಇಳಿಯುತ್ತಿತ್ತು. ಮಾತು ಬರೀ ಗಾಳಿ. "ಏನಂದೆ?" ಎಂದು ಮಾದಯ್ಯ ಬಾಗಿದರೆ ಅವಳು ಸೆರಗು ಮುಚ್ಚಿಕೊಂಡು ಗೋಡೆಯ ಕಡೆ ತಿರುಗುತ್ತಿದ್ದಳು.

ಮಂಡ್ಯದ ಹಲ್ಲಿನ ಡಾಕ್ಟರು ಶಶಿರೇಖಾ ಬಾಯಿಯ ಅಚ್ಚು ತೆಗೆದು, ಹಲ್ಲುಸೆಟ್ಟಿನಂಥ ಪ್ಲೇಟೊಂದನ್ನು ಮಾಡಿ ಆ ತೂತಿಗೆ ಕೂರಿಸಿದರು. "ಈಗ ಮಾತಾಡಿ ಅಮ್ಮ."

ಬೆಟ್ಟಮ್ಮ ಗಂಡನತ್ತ ನೋಡಿದಳು. "ಸರ್ಟಿನ ಗುಂಡಿ ಆಕ್ಕಂಡಿಲ್ವಲ್ಲ ನೀನು."

ಮಾದಯ್ಯ ಗುಂಡಿ ಹಾಕಿಕೊಳ್ಳುತ್ತಲೇ ಅತ್ತ.

ಆಮೇಲೆ ರೇಡಿಯೇಷನ್ ಶುರುವಾಯಿತು. ಊರವರು ಅದನ್ನು ಕರೆಂಟು ಕೊಡುವುದು ಎನ್ನುತ್ತಾರೆ. ದವಡೆ ಬಿಗಿಯುತ್ತ ಬಂತು. ಬಾಯಿ ಮುಚ್ಚಿಹೋಗದಂತೆ ಐಸ್‌ಕ್ರೀಮ್ ಕಡ್ಡಿಗಳನ್ನು ಹಲ್ಲುಗಳ ನಡುವೆ ಸಿಕ್ಕಿಸಿ ಅಗಲಿಸಬೇಕೆಂದು ಶಶಿರೇಖಾ ಹೇಳಿಕೊಟ್ಟಿದ್ದರು. ಮದ್ದೂರಿನಿಂದ ಮಗಳು ರಂಜಿತ ಬಂದು ಸಿಕ್ಕಿಸುತ್ತಿದ್ದಳು. ನೋವಿಗೆ ಬೆಟ್ಟಮ್ಮ ಅವಳ ಕೈ ತಳ್ಳಿಬಿಡುತ್ತಿದ್ದಳು. ಒಂದು ಬೆಳಿಗ್ಗೆ ಪ್ಲೇಟು ಬಾಯೊಳಗೆ ಹೋಗಲೇ ಇಲ್ಲ.

ಶಶಿರೇಖಾ ಅದನ್ನು ಉಜ್ಜಿ ಚಿಕ್ಕದು ಮಾಡಿ ನೋಡಿದರು. ಟಾರ್ಚು ಬಿಟ್ಟು ಬಾಯೊಳಗೆ ನೋಡಿದವರು ಪ್ಲೇಟನ್ನು ಪಕ್ಕಕ್ಕಿಟ್ಟು, ಮೈಸೂರಿಗೇ ಹೋಗಿ ಎಂದರು. ತೂತಿನ ಅಂಚಿನಲ್ಲಿ ಗಡ್ಡೆ ಮತ್ತೆ ಬೆಳೆಯುತ್ತಿತ್ತು. ಇನ್ನು ಕೊಯ್ಯುವ ಹಾಗಿಲ್ಲ ಎಂದರು ಅಲ್ಲಿಯ ಡಾಕ್ಟರು.

"ಏನಂತಮ್ಮೀ?" ಮಾದಯ್ಯ ಅಭ್ಯಾಸದಂತೆ ಹೆಂಡತಿಯನ್ನೇ ಕೇಳಿದ.

ಬೆಟ್ಟಮ್ಮ ಬಾಯಿ ತೆರೆದಷ್ಟು ತೆರೆದು ಏನೋ ಹೇಳಿದಳು. ಅವನು ಜೊತೆಗೆ ಬಂದಿದ್ದ ಮಗಳ ಕಡೆ ತಿರುಗಿದ.

"ಮನೇಗೋದ್ಮೇಲೆ ಯೋಳ್ತೀನಿ ಕಣಪ್ಪ," ಎಂದು ರಂಜಿತ ಅವನ ಕಿವಿಯ ಹತ್ತಿರ ಹೇಳಿದಳು.

ಅಷ್ಟರಲ್ಲೇ ಅವನಿಗೆ ಗೊತ್ತಾಯಿತು. ಹಲಗೂರು ಬರುವವರೆಗೂ ಬಸ್ಸಿನಲ್ಲಿ ಅವನು ಮತ್ತೇನೂ ಕೇಳಲಿಲ್ಲ.

ಈಗ ಬೆಟ್ಟಮ್ಮ ಮಾತಾಡುವ ಪ್ರಯತ್ನವನ್ನೇ ಬಿಟ್ಟು ಮಂಚದಲ್ಲಿ ಮಲಗಿರುತ್ತಾಳೆ. ಮಾದಯ್ಯ ಪಕ್ಕದಲ್ಲಿ ಕೂತು, ಅವಳು ಏನೂ ಅನ್ನದಿದ್ದರೂ, ಆಗಾಗ "ಏನಂದೆ?" ಎನ್ನುತ್ತಾನೆ. ಮೊದಮೊದಲು ಏನೂ ಇಲ್ಲವೆಂದು ಕೈಯಾಡಿಸುತ್ತಿದ್ದಳು. ಈಗ ಅದನ್ನೂ ಮಾಡುವುದಿಲ್ಲ.