ಕ್ಷಮೆಯಕ್ಕನ ರಜೆ

ಬೆಳಕು ಹರಿಯುವ ಮುಂಚೆ ಅವಳು ಹಾಲು ಕಾಯಿಸಿ, ಕಾಳು ಬೇಯಲಿಟ್ಟು, ಮಗಳ ಯೂನಿಫಾರ್ಮಿಗೆ ಇಸ್ತ್ರಿ ಹಾಕಿ, ಅತ್ತೆಯ ಮಾತ್ರೆಗಳನ್ನು ಬೆಳಗಿನವು, ಮಧ್ಯಾಹ್ನದವು ಎಂದು ಬೇರೆ ಮಾಡಿಟ್ಟು, ಎಲ್ಲರ ಡಬ್ಬಿಗೂ ಊಟ ತುಂಬಿ, ಗಂಡನ ಇನ್ನೊಂದು ಸಾಕ್ಸನ್ನು ಮಂಚದ ಕೆಳಗಿನಿಂದ ಎಳೆದು, ನೆಲ ಒರೆಸಿ, ಬಟ್ಟೆ ಒಣಹಾಕಿ, ಆಮೇಲೆ ಒಬ್ಬೊಬ್ಬರನ್ನಾಗಿ ಎಬ್ಬಿಸುತ್ತಿದ್ದಳು. ಎದ್ದವರೆಲ್ಲ "ಅಯ್ಯೋ, ಇಷ್ಟು ಬೇಗ ಬೆಳಗಾಯ್ತಾ!" ಎಂದು ಗೊಣಗುತ್ತಿದ್ದರು. ಬೆಳಗು ತಾನಾಗಿಯೇ ಆಗುತ್ತದೆ ಎಂದು ನಂಬಿದ್ದ ಪುಣ್ಯವಂತರು.

ಅಲ್ಲಿಂದ ಮುಂದೆ ಸಂಬಳದ ಕೆಲಸ. ಊರಿಗೆ ನೀರು ಬಿಡುವ ಕಚೇರಿಯಲ್ಲಿ ಅವಳು ದೂರಿನ ಫೋನ್ ಎತ್ತುವವಳು. ನಲ್ಲಿಯಲ್ಲಿ ನೀರು ಬಾರದವರು, ಕೆಸರು ನೀರು ಬಂದವರು, ಪೈಪು ಒಡೆದು ಅಂಗಳವೇ ಕೆರೆಯಾದವರು, ಎಲ್ಲರೂ ಬೈಯುವುದು ಅವಳನ್ನೇ. ಅವಳ ಕಡೆಯಿಂದ ಮೊದಲಿಗೆ "ಕ್ಷಮಿಸಿ", ಕೊನೆಗೆ "ಬೇರೆ ಏನಾದರೂ ಸಹಾಯ ಬೇಕಿತ್ತಾ?" ಮಾತು ಉದ್ದವಾದರೆ ಮೇಜಿನ ಮೇಲಿನ ಕೆಂಪು ದೀಪ ಮಿನುಗಿ, ಮೇಲಿನವರು ಕತ್ತು ಹೊರಳಿಸಿ ನೋಡುತ್ತಾರೆ. ಅವಳ ಮೇಜಿನಲ್ಲಿ ದೀಪ ಹೊತ್ತಿದ್ದನ್ನು ಕಂಡವರಿಲ್ಲ. ಜೊತೆಯವರು ಅವಳಿಗೆ ಕ್ಷಮೆಯಕ್ಕ ಎಂದೇ ಹೆಸರಿಟ್ಟಿದ್ದರು. ಇಬ್ಬರು ಕೆಲಸ ಬಿಟ್ಟು ಹೋದಾಗ ಅವರ ಪಾಲಿನ ಬೈಗುಳವೂ ಅವಳಿಗೇ ಬಂತು.

ಅದಾಗಿ ಕೆಲವು ತಿಂಗಳಿಗೆ ಅವಳ ನಗು ಮಾಯವಾಯಿತು. ನಿದ್ದೆ ಹತ್ತಿರ ಸುಳಿಯದು, ಅನ್ನ ಮಣ್ಣಿನ ಹಾಗೆ. ಮನೆಯಲ್ಲಿ ಫೋನ್ ರಿಂಗಾದರೆ ಎದೆ ಧಸಕ್ಕೆನ್ನುವುದು. ಇದನ್ನು ಮೊದಲು ಕಂಡುಹಿಡಿದವರು ಅತ್ತೆ.

"ಏನೇ, ಅಳ್ತಿದ್ದೀಯಾ?"

"ಇಲ್ಲ ಅತ್ತೆ, ಹೆಚ್ತಾ ಇದ್ದೆನಲ್ಲ, ಅದಕ್ಕೆ."

"ಈರುಳ್ಳಿಗೆ ಅಳೋರನ್ನ ನೋಡಿದ್ದೀನಿ. ಬದನೆಕಾಯಿಗೆ ಅಳೋಳನ್ನ ಇವತ್ತೇ ನೋಡಿದ್ದು. ನಾಳೆ ಮನಸ್ಸಿನ ಡಾಕ್ಟರ ಹತ್ರ ಹೋಗು. ನನ್ನ ಮಂಡಿಗೆ ಡಾಕ್ಟರು ಇದ್ದ ಹಾಗೆ ಇದಕ್ಕೂ ಇರ್ತಾರೆ. ನಾಚಿಕೆ ಪಟ್ಕೊಂಡು ಕೂತ್ರೆ ನನ್ನ ಮಂಡಿಯೂ ಬಗ್ತಿರಲಿಲ್ಲ."

ಹೋದಳು. ಡಾಕ್ಟರಮ್ಮ ಅವಳ ವಯಸ್ಸಿನವರೇ. "ಹೇಳಿ, ಏನಾಗ್ತಿದೆ?" ಎಂದರು.

"ನಿಮ್ಮ ಹೊತ್ತು ತಗೊಳ್ತಿರೋದಕ್ಕೆ ಕ್ಷಮಿಸಿ. ನಿದ್ದೆ ಇಲ್ಲ, ಊಟ ಸೇರಲ್ಲ, ಅಳು ಬರುತ್ತೆ, ಕೆಲಸ ಜಾಸ್ತಿ. ಸರಿಹೋಗುತ್ತೆ ಬಿಡಿ. ನಿಮಗೆ ಬೇರೆ ಏನಾದರೂ ಸಹಾಯ ಬೇಕಿತ್ತಾ?"

ಒಂದೇ ಉಸಿರಿಗೆ ಇಷ್ಟು ಹೇಳಿ, ಎದ್ದು, ನಮಸ್ಕಾರ ಹೇಳಿ, ಕುರ್ಚಿಯನ್ನು ಮೇಜಿನಡಿಗೆ ತಳ್ಳಿ ಹೊರಟೇಬಿಟ್ಟಳು! ತನ್ನ ದೂರನ್ನು ತಾನೇ ಬರೆದುಕೊಂಡು, ತಾನೇ ವಿಲೇವಾರಿ ಮಾಡಿದ್ದಳು. ಗೇಟಿನವರೆಗೆ ಬಂದ ಮೇಲೆ ಹಿಂದೆ ಚಪ್ಪಲಿಯ ಸದ್ದು. ಡಾಕ್ಟರಮ್ಮನೇ ಏದುಸಿರು ಬಿಡುತ್ತಾ ಓಡಿಬಂದಿದ್ದರು.

"ನಿಲ್ಲಿ ತಾಯಿ! ಇಷ್ಟು ಬೇಗ ವಾಸಿಯಾಗಿ ಹೋದ ರೋಗಿಯನ್ನ ನಾನು ಇದುವರೆಗೆ ನೋಡಿಲ್ಲ."

ಇಬ್ಬರೂ ಗೇಟಿಗೆ ಒರಗಿ ನಕ್ಕರು. ಎಷ್ಟೋ ಕಾಲದ ಮೇಲೆ ಅವಳಿಗೆ ಬಂದ ನಗು, ನಿಲ್ಲಿಸಿದರೂ ನಿಲ್ಲಲಿಲ್ಲ, ಹೋಗಿ ಹೋಗಿ ಅಳುವಾಯಿತು. ಒಳಗೆ ಹೋಗಿ ಕೂತು ಈ ಸಲ ಪೂರ್ತಿ ಹೇಳಿದಳು. ಡಾಕ್ಟರಮ್ಮ ಗಡಿಯಾರ ನೋಡಲಿಲ್ಲ.

"ಇದು ಖಿನ್ನತೆ ಇರಬಹುದು," ಎಂದರು. "ಇರಬಹುದು ಅಂತಷ್ಟೇ ಹೇಳ್ತಿದ್ದೀನಿ. ರಕ್ತ ಪರೀಕ್ಷೆ ಒಂದು ಆಗಲಿ, ವಾರಕ್ಕೊಮ್ಮೆ ಬನ್ನಿ, ಮಾತಾಡೋಣ. ಬೇಕಾದರೆ ಮಾತ್ರೆ ನೋಡೋಣ. ಚಿಕಿತ್ಸೆಗೆ ಬಗ್ಗೋ ರೋಗ ಇದು, ಹೆದರಬೇಡಿ."

ಕೆಲವು ವಾರ ಹೋಗಿ ಬಂದಳು. ಒಂದು ದಿನ ಊಟದ ನಡುವೆ ಅವಳು ಮುಖ ಕಿವುಚಿದಳು.

"ಥೂ, ಇಷ್ಟೊಂದು ಉಪ್ಪಾ! ಯಾವಾಗಿಂದ ಹೀಗಿದೆ?"

ಗಂಡ ಮಗಳ ಮುಖ ನೋಡಿದ. ಮಗಳು ಅಜ್ಜಿಯ ಮುಖ ನೋಡಿದಳು.

"ಮಳೆಗಾಲದಿಂದ," ಎಂದ ಗಂಡ ಮೆಲ್ಲಗೆ. "ಹೇಳೋಕೆ ಧೈರ್ಯ ಬರಲಿಲ್ಲ."

ಅವಳು ಬಿದ್ದು ಬಿದ್ದು ನಕ್ಕಳು. ನಾಲಿಗೆಯ ರುಚಿ ವಾಪಸು ಬಂದಿತ್ತು! ಈ ಸುದ್ದಿ ಕೇಳಿ ಡಾಕ್ಟರಮ್ಮನೂ ಕುಣಿಯುವುದೊಂದು ಬಾಕಿ. ಆದರೂ, "ದಣಿವು ಇನ್ನೂ ಹೋಗಿಲ್ಲ. ಎರಡು ವಾರ ರಜೆ ಹಾಕಿ. ಮಲಗಿ, ಏಳಿ, ಮತ್ತೆ ಮಲಗಿ. ಇದನ್ನ ಔಷಧಿ ಅಂದುಕೊಳ್ಳಿ, ತಪ್ಪಿಸಿದ್ರೆ ಮತ್ತೆ ಹಳೇ ಕಥೆ," ಎಂದರು.

ರಜೆಯ ಸುದ್ದಿಗೆ ಮನೆಯಲ್ಲಿ ಸಂಭ್ರಮವೋ ಸಂಭ್ರಮ.

"ಒಳ್ಳೇದೇ ಆಯ್ತು ಬಿಡು, ಪರದೆಗಳನ್ನೆಲ್ಲ ಒಗೆದುಬಿಡಬಹುದು," ಎಂದ ಗಂಡ.

"ಅಮ್ಮಾ, ನನ್ನ ಬೀರು ಜೋಡಿಸಿಕೊಡ್ತೀಯಾ?"

ಬದನೆಕಾಯಿಯ ಕಣ್ಣೀರು ಕಂಡಿದ್ದ ಅತ್ತೆಯೂ ಹಿಂದೆ ಬೀಳಲಿಲ್ಲ: "ಡಬ್ಬಗಳನ್ನೆಲ್ಲ ಇಳಿಸಿ ತಿಕ್ಕಿ ಎಷ್ಟು ದಿನ ಆಯ್ತೇ! ನಾನು ಪಕ್ಕದಲ್ಲಿ ಕೂತು ಹೇಳ್ತಾ ಹೋಗ್ತೀನಿ."

ಯಾರಿಗೂ ಕೆಟ್ಟ ಮನಸ್ಸಿಲ್ಲ. ಹೆಂಗಸಿಗೆ ರಜೆ ಎಂದರೆ ಮನೆಗೆ ಇನ್ನೊಂದು ಆಳು ಸಿಕ್ಕಿತು ಎಂದೇ ಅವರ ಲೆಕ್ಕ. ಅವಳೂ ನಿನ್ನೆಯವರೆಗೆ ಹಾಗೇ ಲೆಕ್ಕ ಹಾಕುತ್ತಿದ್ದವಳೇ.

ರಜೆಯ ಮೊದಲ ದಿನ ತಿಂಡಿಯಾದ ಮೇಲೆ ಅವಳು ಹಿಂದಿನ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಮದುವೆಯಾಗಿ ಬಂದ ಮೇಲೆ ಹಗಲು ಹೊತ್ತಿನಲ್ಲಿ ಆ ಚಿಲಕ ಮುಟ್ಟಿದ್ದು ಇದೇ ಮೊದಲು. ಗಟ್ಟಿಯಾಗಿತ್ತು, ಎರಡೂ ಕೈ ಹಾಕಬೇಕಾಯಿತು. ಕಿಟಕಿಯಿಂದ ಬಿಸಿಲು ಹಾಸಿಗೆಯ ಮೇಲೆ ಅಡ್ಡಡ್ಡ ಬಿದ್ದಿತ್ತು. ಅದರಲ್ಲೇ ಕಾಲು ಚಾಚಿದಳು.

ಹೊರಗೆ ಪರದೆ ಕಳಚುವ ಸದ್ದು, ವಾಷಿಂಗ್ ಮೆಷಿನ್ನಿನ ಮುಚ್ಚಳ ಢಣ್ಣೆಂದ ಸದ್ದು.

"ಸೋಪಿನ ಪುಡಿ ಯಾವ ಕಡೆ ಹಾಕೋದಮ್ಮ?" ಗಂಡನ ದನಿ.

"ನನ್ನನ್ನೇನು ಕೇಳ್ತೀಯೋ? ನಮ್ಮ ಕಾಲದಲ್ಲಿ ಕಲ್ಲಿತ್ತು. ಅವಳನ್ನೇ ಕೇಳು."

ಹೆಜ್ಜೆ ಬಾಗಿಲವರೆಗೆ ಬಂತು. "ಇವಳೇ... ಎಚ್ಚರ ಇದ್ದೀಯಾ? ಪುಡಿ ಎಡಕ್ಕಾ, ಬಲಕ್ಕಾ?"

ಎಡಕ್ಕೆ. ಒಂದೇ ಒಂದು ಮಾತು, ನಾಲಿಗೆಯ ತುದಿಗೆ ಬಂದು ನಿಂತಿತ್ತು. ಹೇಳಿದರೆ ಮುಂದಿನದು ನೀರು ಎಷ್ಟು, ಆಮೇಲೆ ಒಣಹಾಕುವುದು ಎಲ್ಲಿ, ಅಷ್ಟರಲ್ಲಿ ತಾನೇ ಎದ್ದು ಹೋಗಿರುತ್ತೇನೆ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಬಾಗಿಲ ಆಚೆ ಗಂಡ ಕಾಯುತ್ತಿದ್ದ. ಅವಳು ಬಂದ ನಗುವನ್ನು ತುಟಿಯಲ್ಲೇ ಕಚ್ಚಿ ಹಿಡಿದು, ದಿಂಬನ್ನು ತಂಪಾದ ಬದಿಗೆ ತಿರುವಿ, ಕಣ್ಣು ಮುಚ್ಚಿದಳು.