ಅತ್ತೆಯ ಬಾಯಿಂದ ಕದ್ದ ಮಾತುಗಳು

ಒಣ ಶೆಟ್ಲಿ ಹುರಿಯುವ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಹಸಿವಿಗಿಂತ ಮೊದಲು ನಾಚಿಕೆಯಾಗುತ್ತದೆ. ಅಂಕೋಲೆಯ ನಮ್ಮ ಅಡುಗೆಮನೆಯಲ್ಲಿ ಆ ಸಣ್ಣ ಸಿಗಡಿಯ ಡಬ್ಬದ ಹಿಂದೆ ನನ್ನದೊಂದು ನೋಟ್‌ಬುಕ್ ಅಡಗಿರುತ್ತಿತ್ತು. ಅದರ ತುಂಬ ಅತ್ತೆಯ ಮಾತುಗಳು. ಅತ್ತೆಯೆಂದರೆ ಅಪ್ಪನ ಅಕ್ಕ. ಮದುವೆಯಾಗಿ ಚಿತ್ತಾಕುಲಕ್ಕೆ ಹೋಗಿ, ಕಾಳಿ ನದಿಯ ಅಳಿವೆಯಲ್ಲಿ ಬಳಚಿನ ಚಿಪ್ಪು ಹೆಕ್ಕುತ್ತ ಅರ್ಧ ಆಯಸ್ಸು ಕಳೆದು, ಗಂಡ ತೀರಿಕೊಂಡ ಮೇಲೆ ನಮ್ಮನೆಗೆ ಬಂದವಳು. ನಮ್ಮ ಕನ್ನಡಕ್ಕೆ ಅಲ್ಲಿಯ ಕೊಂಕಣಿ ಬೆರೆತು ಅವಳ ಮಾತಿಗೆ ಬೇರೆಯೇ ರುಚಿ. ನೀರು ಏರಿದರೆ ಭರತಿ, ಇಳಿದರೆ ಸುಕತಿ, ಹುಣ್ಣಿಮೆಗೆ ಉಕ್ಕಿ ಗದ್ದೆಗೆ ನುಗ್ಗಿದರೆ ಉಧಾಣ, ಏರಲೂ ಇಳಿಯಲೂ ಸೋಮಾರಿಯಾಗುವ ಅಷ್ಟಮಿಯ ನೀರಿಗೆ ಭಾಂಗ. ಹೊಸದೊಂದು ಸಿಕ್ಕ ದಿನ ಶಾಲೆಯ ದಾರಿಯುದ್ದಕ್ಕೂ ಅದನ್ನು ಪೆಪ್ಪರಮಿಂಟಿನ ಹಾಗೆ ಚೀಪುತ್ತ ಹೋಗುತ್ತಿದ್ದೆ. "ಯಂತಾ ಬರೀತೆ ಪೋರಿ? ಇದೆಲ್ಲ ಬರಿಯೂ ಮಾತಲ್ಲ, ಅಳಿವೆ ಕೆಸರು," ಎನ್ನುತ್ತಲೇ ಅತ್ತೆ ಇನ್ನೊಂದು ಕೊಡುತ್ತಿದ್ದಳು. ಶಾಲೆಗೆ ಹೋಗುವ ಹುಡುಗಿಗೆ ಅತ್ತೆಯ ಭಾಷೆ ಬೇಡವೆಂದು ನನ್ನಮ್ಮನ, ಅಂದರೆ ಆಯಿಯ ಕಟ್ಟಪ್ಪಣೆಯಿತ್ತು. ಅದಕ್ಕೇ ನೋಟ್‌ಬುಕ್ಕಿಗೆ ಆ ಡಬ್ಬದ ಮರೆ.

ಆರನೆಯ ತರಗತಿಯಲ್ಲಿ ಶಾಲೆಯ ಗ್ಯಾದರಿಂಗಿಗೆ ನಾನು ಅತ್ತೆಯ ಪಾತ್ರ ಮಾಡಿದೆ. ಸೀರೆ ಎತ್ತಿ ಕಟ್ಟಿ, ಸೊಂಟಕ್ಕೆ ಬುಟ್ಟಿಯಿಟ್ಟು, ಮೈಕಿನಲ್ಲಿ "ಸುಕತೀ..." ಎಂದು ರಾಗ ಎಳೆದದ್ದೇ ಪೆಂಡಾಲೆಲ್ಲ ನಕ್ಕಿತು. ಆಗ ಕಂಡಳು. ಮೊಣಕಾಲು ನೋವು, ಬರುವುದಿಲ್ಲ ಎಂದಿದ್ದ ಅತ್ತೆ ಮೂರನೆಯ ಸಾಲಿನಲ್ಲಿ, ಪೆಟ್ಟಿಗೆಯ ಒಳ್ಳೆಯ ಸೀರೆ ಉಟ್ಟು ಕೂತಿದ್ದಳು. ಪಕ್ಕದವರು ಹೊಟ್ಟೆ ಹಿಡಿದು ನಗುತ್ತಿದ್ದರು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನಗು ಬೇಕಾಗಿತ್ತು ನನಗೆ. ಉಧಾಣವನ್ನೂ ಭಾಂಗವನ್ನೂ ಇನ್ನಷ್ಟು ಎಳೆದೆಳೆದು ಹೇಳಿದೆ.

ಮನೆಗೆ ಬಂದಾಗ ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಬಹುಮಾನದ ಸ್ಟೀಲ್ ಲೋಟವನ್ನು ಬೆನ್ನ ಹಿಂದೆ ಹಿಡಿದು ನಿಂತೆ. ಬೈದರೆ ಎಲ್ಲ ಸರಿಹೋಗುತ್ತದೆಂದು ಕಾದೆ. ಬೈಗುಳದಲ್ಲೂ ಒಂದು ಹೊಸ ಮಾತು ಸಿಕ್ಕೀತೆಂಬ ಆಸೆ ಆಗಲೂ ಒಳಗಿತ್ತಲ್ಲ, ಅದನ್ನು ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ. ಕಲ್ಲು ಹುಡುಕುವುದು ಮುಗಿಯಲೇ ಇಲ್ಲ. ಕೊನೆಗೆ ಎದ್ದಳು. ದಿನಾ "ಉಣ್ಣೂಕೆ ಬಾರೇ ಪೋರಿ" ಎಂದು ಅಂಗಳಕ್ಕೆ ಕೇಳುವಂತೆ ಕೂಗುತ್ತಿದ್ದವಳು, ಟಿವಿಯಲ್ಲಿ ವಾರ್ತೆ ಓದುವವರ ಹಾಗೆ ಅಕ್ಷರ ಅಕ್ಷರ ಬಿಡಿಸಿ, "ಊಟಕ್ಕೆ ಬಾ. ಕೈಗಳನ್ನು ತೊಳೆದುಕೊಂಡು ಬಾ," ಎಂದಳು. ಆಯಿಗೆ ಸಮಾಧಾನವಾಯಿತು. ನನಗೆ ಅನ್ನ ಇಳಿಯಲಿಲ್ಲ.

ಕಾಲು ಹಿಡಿದು ತಪ್ಪಾಯಿತೆಂದೆ. "ತಪ್ಪೇನೂ ಇಲ್ಲ," ಎಂದಳು, ಅದೂ ಪುಸ್ತಕದ ಕನ್ನಡದಲ್ಲಿ. ಪ್ರೀತಿ ಕಡಿಮೆ ಮಾಡಲಿಲ್ಲ. ತಲೆಗೆ ಎಣ್ಣೆ ಹಚ್ಚಿದಳು, ಜಡೆ ಹೆಣೆದಳು. ಹಿತ್ತಿಲಲ್ಲಿ ಮೀನಿನವಳ ಜೊತೆ ಅವಳ ಹಳೆಯ ಮಾತು ಹರಿಯುತ್ತಿತ್ತು. ನಾನು ಹೊಸಿಲು ದಾಟಿದರೆ ನಿಲ್ಲುತ್ತಿತ್ತು. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದರೆ ಆ ಮೌನ ಎಷ್ಟು ಭಾರವೆಂದು ನಿಮಗೆ ಗೊತ್ತಿರುತ್ತದೆ. ಹೆದ್ದಾರಿ ಅಗಲವಾದಾಗ ಆ ಮನೆ, ಹಿತ್ತಿಲು ಎಲ್ಲ ಹೋದವು. ಅದಕ್ಕೂ ಮೊದಲೇ ಅತ್ತೆ ಕಾರವಾರದ ಆಸ್ಪತ್ರೆ ಸೇರಿದ್ದಳು. ಇನ್ನು ಹೆಚ್ಚು ದಿನವಿಲ್ಲ ಎಂದಿದ್ದರು ಡಾಕ್ಟರು. ಅವಳ ಹಾಸಿಗೆಯಿಂದ ಕಿಟಕಿಯಾಚೆ ನೀರು ದೂರ ಸರಿದು ಒದ್ದೆ ಮರಳು ಹೊಳೆಯುತ್ತಿತ್ತು. ಒಂದೇ ಒಂದು ಸಲ ಸುಕತಿ ಎಂದು ಅವಳ ಬಾಯಿಂದ ಕೇಳಬೇಕೆನಿಸಿತು. "ಹೊರಗೆ ನೋಡೇ ಅತ್ತೆ, ಇದ್ಕೆ ಯಂತಾ ಹೇಳ್ತ್ರು?" ಎಂದೆ. ಅವಳು ಕತ್ತು ಹೊರಳಿಸಿ ಬಹಳ ಹೊತ್ತು ನೋಡಿದಳು. ತುಟಿ ಅಲುಗಿತು. ನಾನು ಕಿವಿಯನ್ನು ಹತ್ತಿರ ಒಯ್ದೆ.

"ಸಮುದ್ರ ಎನ್ನುತ್ತಾರೆ, ಮಗಳೇ," ಎಂದಳು ಅತ್ತೆ.